ತಗಾದೆಯ ಖರ್ಚು ಯಾರ ಲೆಕ್ಕಕ್ಕೆ?

ನಾನು ತಗಾದೆಯವನು. ಹೊನ್ನಾವರ ತಾಲೂಕಿನ ಒಂದು ಸಹಕಾರಿ ಸಂಘಕ್ಕೆ ವಸೂಲಿ ಗುಮಾಸ್ತನಾಗಿ ಸೇರಿ, ಅದೇ ಕೆಲಸದಲ್ಲೇ ನಿವೃತ್ತನಾದವನು. ಹಾಗಾಗಿ ಸಾಲ ತಿಂದು ತೇಗಿದವರ ಮೇಲೆ ನನಗೆ ಮರುಕ ಕಡಿಮೆ. ಒಳಗೆ ಕೂತುಕೊಂಡೇ ಮಗುವಿನ ಬಾಯಲ್ಲಿ 'ಅಪ್ಪ ಮನೇಲಿಲ್ಲ' ಅನ್ನಿಸಿದವರನ್ನು, ಸಂಘದ ಸಾಲ ಸುಸ್ತಿ ಇಟ್ಟುಕೊಂಡು ಮಗಳ ಮದುವೆಗೆ ಮೂರು ಸಾವಿರ ಎಲೆ ಹಾಕಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಪಡೆದ ಸಾಲ ಕಟ್ಟಲೇಬೇಕು, ತಪ್ಪಿದರೆ ದಂಡವೂ ಬೀಳಬೇಕು. ಮನ್ನಾ ಕೇಳಲು ನಾನು ಪೆನ್ನು ಹಿಡಿದಿಲ್ಲ. ವಸೂಲಿಗೆ ಬರುವವನ ಪೆಟ್ರೋಲು, ಅವನ ಏಜೆನ್ಸಿಯ ಕಮಿಷನ್ನು, ಅವರ ಯಾರ್ಡಿನ ಬಾಡಿಗೆ ಇವೆಲ್ಲ ಸಾಲಗಾರನ ಖಾತೆಗೆ ಎಷ್ಟು ಬೇಕಾದರೂ ಬೀಳಬಹುದೇ? ಅದಕ್ಕೊಂದು ಮಿತಿ ಹಾಕುವವರು ಯಾರೂ ಇಲ್ಲವೇ? ನನ್ನ ಪ್ರಶ್ನೆ ಇಷ್ಟೇ.

ನಮ್ಮ ಸಂಘದಲ್ಲಿ ತಗಾದೆ ಪುಸ್ತಕ ಅಂತ ಒಂದಿತ್ತು. ಹಡಿನಬಾಳಕ್ಕೋ ಗೇರುಸೊಪ್ಪೆಗೋ ಹೋಗಿ ಬಂದರೆ ಬಸ್ ಟಿಕೆಟನ್ನು ಗುಂಡುಸೂಜಿಯಲ್ಲಿ ಬಿಲ್ಲಿಗೆ ಚುಚ್ಚಿ ಕೊಡಬೇಕಿತ್ತು. ಹೋದದ್ದಕ್ಕೆ ಸಾಕ್ಷಿಯಾಗಿ ಪುಸ್ತಕದಲ್ಲಿ ಸಾಲಗಾರನ ಸಹಿಯೋ ಹೆಬ್ಬೆಟ್ಟೋ ಇರಬೇಕು. ಆಸಾಮಿ ಸಿಗದಿದ್ದರೆ ಪಕ್ಕದ ಮನೆಯವರದ್ದಾದರೂ ಬೇಕು. ಮಾವಿನಕುರ್ವೆಗೆ ದಾಟುವ ದೋಣಿಯ ಚಿಲ್ಲರೆಗೂ ನಮ್ಮ ಕಾರ್ಯದರ್ಶಿ ಚೀಟಿ ಕೇಳುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಆ ಬಿಲ್ಲು ಹೋಗುತ್ತಿದ್ದದ್ದು ಸಂಘದ ಖರ್ಚಿಗೆ. ಸಾಲಗಾರನ ಖಾತೆಗೆ ಬೀಳುತ್ತಿದ್ದದ್ದು ಸುಸ್ತಿ ಬಡ್ಡಿ ಮತ್ತು ನೋಟೀಸಿನ ರಿಜಿಸ್ಟರ್ಡ್ ಅಂಚೆ ವೆಚ್ಚ, ಎರಡೇ. (ಆ ರಿಜಿಸ್ಟರ್ಡ್ ಅಂಚೆಯೂ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು.) ಪ್ರಕರಣ ದಾವೆಗೆ ಹೋದರೆ ಖರ್ಚು ಎಷ್ಟು ಹಾಕಬೇಕೆಂದು ನಾವು ಹೇಳುವ ಹಾಗಿರಲಿಲ್ಲ, ಸಹಕಾರ ಇಲಾಖೆಯ ಅಧಿಕಾರಿ ತೀರ್ಪಿನಲ್ಲಿ ಬರೆಯಬೇಕಿತ್ತು.

ಕರಾವಳಿಯವರಿಗೆ ಬಾಗಿಲಿಗೆ ಬಂದು ಹಣ ಎತ್ತುವವನು ಹೊಸಬನಲ್ಲ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಪಿಗ್ಮಿ ಠೇವಣಿ ಶುರು ಮಾಡಿದಾಗಿನಿಂದ ಭಟ್ಕಳದ ಪೇಟೆಯಿಂದ ಕುಮಟಾದ ಮೀನು ಮಾರ್ಕೆಟ್ಟಿನವರೆಗೆ ಪಿಗ್ಮಿಯವನು ಓಡಾಡುತ್ತಲೇ ಇದ್ದಾನೆ. ಬುಟ್ಟಿ ಇಳಿಸಿ ಕೂತ ಮೀನುಗಾರ್ತಿ ಸೆರಗಿನ ಗಂಟು ಬಿಚ್ಚಿ ಕೊಟ್ಟ ಹತ್ತು ರೂಪಾಯಿ ಪುಸ್ತಕದಲ್ಲಿ ಹತ್ತೇ ರೂಪಾಯಿಯಾಗಿ ಜಮೆಯಾಗುತ್ತಿತ್ತು. ಪಿಗ್ಮಿಯವನ ಕಮಿಷನ್ ಬ್ಯಾಂಕಿನ ಪಾಲಿನದು. ಉಳಿತಾಯ ಎತ್ತುವಾಗ ಸರಿಯೆನಿಸಿದ ಈ ಲೆಕ್ಕ ಸಾಲದ ಕಂತು ಎತ್ತುವಾಗ ತಿರುಗುಮುರುಗಾಗಿದ್ದು ಹೇಗೆ?

ಹೇಗೆ ಎನ್ನುವುದಕ್ಕೆ ನನ್ನ ಮುಂದೆ ಒಂದು ಸ್ಟೇಟ್‌ಮೆಂಟ್ ಇದೆ. ನಿವೃತ್ತನಾದ ಮೇಲೆ ಕುಮಟಾದ ನಮ್ಮ ಓಣಿಯಲ್ಲಿ ಇಂಥ ಕಾಗದ ಓದಿ ಹೇಳುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂದಿದೆ. ಇದು ತದಡಿಯ ಬೋಟೊಂದರಲ್ಲಿ ಕಲಾಸಿಯಾಗಿರುವ ಹುಡುಗನದು. ಬೈಕಿನ ಸಾಲ, ತಿಂಗಳಿಗೆ 2,840 ರೂಪಾಯಿ ಕಂತು, ಪ್ರತಿ 10ನೇ ತಾರೀಖು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ಸರ್ಕಾರದ್ದೇ ನಿಷೇಧ, 61 ದಿನ ಬೋಟು ದಡದಲ್ಲಿ. ಬೋಟು ನಿಂತರೆ ಕಲಾಸಿಗೆ ಪಾಲಿಲ್ಲ. ಇದು ಸಾಲ ಕೊಡುವಾಗ ಕಂಪನಿಗೂ ಗೊತ್ತು, ಪಡೆಯುವಾಗ ಹುಡುಗನಿಗೂ ಗೊತ್ತು. ಕಂತಿನ ಪಟ್ಟಿ ಮಾಡಿದ ಕಂಪ್ಯೂಟರಿಗೆ ಮಾತ್ರ ಯಾರೂ ಹೇಳಿಲ್ಲ.

ಜೂನ್ ಕಂತು ಬೌನ್ಸ್ ಆಯಿತು. ಬೌನ್ಸ್ ಚಾರ್ಜ್ 500, ಅದರ ಮೇಲೆ ಶೇ 18 ಜಿಎಸ್‌ಟಿ 90, ಒಟ್ಟು 590. ಅದೇ ತಿಂಗಳು 'ಫೀಲ್ಡ್ ವಿಸಿಟ್' ಎರಡು. ತಲಾ 350, ಜಿಎಸ್‌ಟಿ 63, ಅಂದರೆ ಒಂದಕ್ಕೆ 413. ತಿಂಗಳಿಗೆ 1,416. ಜುಲೈಯಲ್ಲೂ ತಪ್ಪದೆ ಅದೇ 1,416. ಇದಲ್ಲದೆ ಅವನ ಉಳಿತಾಯ ಖಾತೆ ಇರುವ ಬ್ಯಾಂಕು ಕಂತು ವಾಪಸು ಹೋದದ್ದಕ್ಕೆ ತನ್ನ ಪಾಲೆಂದು ಎರಡು ಸಲ 295 ಮುರಿದುಕೊಂಡಿದೆ. ತಡಮಾಡಿದ ದಂಡ ಬೇರೆ ಸಾಲಿನಲ್ಲಿದೆ, ಅದರ ತಕರಾರು ನನಗಿಲ್ಲ.

ಆಗಸ್ಟ್ ಮೊದಲ ವಾರ ಬೋಟು ಇಳಿಯಿತು. ಹುಡುಗ ಮಾಲೀಕರಲ್ಲಿ ಮುಂಗಡ ಪಡೆದು ಎರಡೂ ಕಂತು ಸೇರಿಸಿ 5,680 ರೂಪಾಯಿ ಕಟ್ಟಿ ರಸೀದಿ ಪಡೆದ. ಹೊರೆ ಇಳಿಯಿತು ಅಂದುಕೊಂಡು ಕಡಲಿಗೆ ಹೋದ. ಕಂಪನಿಯ ಸಾಫ್ಟ್‌ವೇರ್ ಮೊದಲು ಮುರಿದುಕೊಂಡದ್ದು ಚಾರ್ಜುಗಳ 2,832 ರೂಪಾಯಿ. ಉಳಿದದ್ದು 2,848. ಅದರಲ್ಲಿ ಒಂದು ಕಂತು ಜಮೆಯಾಯಿತು, ಮೇಲೆ ಎಂಟು ರೂಪಾಯಿ ಉಳಿಯಿತು. ಜುಲೈ ಕಂತು ಹಾಗೆಯೇ ಬಾಕಿ. ಓವರ್‌ಡ್ಯೂ ಎಂದು ಮತ್ತೆ ಫೋನು, ಮತ್ತೆ ವಿಸಿಟ್, ಮತ್ತೆ 413. ಅವನು ಕಟ್ಟಿಲ್ಲವೆಂದು ಅಲ್ಲ. ಕಟ್ಟಿದ್ದರಲ್ಲಿ ಅರ್ಧ ತಗಾದೆಗೇ ಹೋಯಿತೆಂದು ಅವನು ಸುಸ್ತಿದಾರ. ಸಿಬಿಲ್‌ನಲ್ಲಿ ಈ ಕಥೆ ಬರುವುದಿಲ್ಲ, ಬಾಕಿ ಎಂದಷ್ಟೇ ಬರುತ್ತದೆ.

ಇನ್ನು ಆ ವಿಸಿಟ್‌ಗಳು. ಜೂನ್, ಜುಲೈಯ ನಾಲ್ಕರಲ್ಲಿ ಮನುಷ್ಯ ಬಂದದ್ದು ಎರಡು ಸಲ ಎನ್ನುತ್ತಾಳೆ ಹುಡುಗನ ತಾಯಿ. ಜುಲೈಯ ಒಂದು ತಾರೀಖಂತೂ ಅಘನಾಶಿನಿ ಉಕ್ಕಿ ಅವರ ಕೇರಿಯ ದಾರಿಯಲ್ಲಿ ಮೊಣಕಾಲುದ್ದ ನೀರು. ಅವತ್ತು ಯಾವ ಬೈಕೂ ಅಲ್ಲಿಗೆ ಬಂದಿರಲು ಸಾಧ್ಯವಿಲ್ಲ. ಬಂದದ್ದಕ್ಕೆ ಸಹಿ ಇಲ್ಲ, ಚೀಟಿ ಇಲ್ಲ. ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಬೇರೆ: ಅದೇ ಕೇರಿಯಲ್ಲಿ ಅದೇ ಕಂಪನಿಯ ಸಾಲವಿದ್ದ ಇನ್ನೊಬ್ಬನ ಸ್ಟೇಟ್‌ಮೆಂಟಿನಲ್ಲೂ ಅದೇ ತಾರೀಖಿಗೆ ಅದೇ 413 ಬಿದ್ದಿದೆ. ಒಂದೇ ಬೈಕು, ಒಂದೇ ದಾರಿ, ಪೆಟ್ರೋಲಿನ ದುಡ್ಡು ಮಾತ್ರ ಮನೆಗೊಂದು. ನಮ್ಮ ಕಾರ್ಯದರ್ಶಿ ಇದ್ದಿದ್ದರೆ ಆ ಬಿಲ್ಲನ್ನು ಮುಖಕ್ಕೆ ಎಸೆಯುತ್ತಿದ್ದರು.

ಈ ದುಡ್ಡು ಬಂದು ಹೋಗುವ ಹುಡುಗನಿಗಾದರೂ ಸಿಗುತ್ತದೆಯೇ? ಕುಮಟಾದ ಗಿಬ್ ಸರ್ಕಲ್ಲಿನ ಚಹಾದಂಗಡಿಯಲ್ಲಿ ಒಬ್ಬ ಫೀಲ್ಡಿನವನನ್ನು ಕೇಳಿದೆ. 'ವಿಸಿಟ್ಟಿಗೆ ಅಂತ ನಂಗೆ ಎಂತದೂ ಬರೂದಿಲ್ಲ ಅಣ್ಣ. ಕಲೆಕ್ಷನ್ ಆದ್ರೆ ಪರ್ಸೆಂಟೇಜು, ಇಲ್ಲಾಂದ್ರೆ ಪೆಟ್ರೋಲೂ ನಂದೇ' ಅಂದ. ಅವನೂ ಹೊನ್ನಾವರ ಕಡೆಯ ಹುಡುಗ, ಡಿಗ್ರಿ ಮುಗಿಸಿದವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಾಲಗಾರನಿಂದ ವಿಸಿಟ್ ಖರ್ಚು ಕಸಿದು, ವಿಸಿಟ್ ಮಾಡಿದವನಿಗೂ ಕೊಡದ ವ್ಯವಸ್ಥೆಗೆ ವಸೂಲಿ ಖರ್ಚು ಎನ್ನುವುದಕ್ಕಿಂತ ಆದಾಯದ ಇನ್ನೊಂದು ಬಾಬತ್ತು ಎನ್ನುವುದೇ ಸರಿ.

ವಾಹನ ಎತ್ತಿಕೊಂಡು ಹೋದರೆ ಕಥೆ ಇನ್ನೂ ಉದ್ದ. ಭಟ್ಕಳದ ಒಬ್ಬ ಆಟೋ ಚಾಲಕರ ಗಾಡಿಯನ್ನು ಸೀಜ್ ಮಾಡಿ ಜಿಲ್ಲೆಯಾಚೆಯ ಯಾರ್ಡಿಗೆ ಒಯ್ದಿದ್ದರು. ಬಾಕಿ ಕಟ್ಟಲು ಹಣ ಹೊಂದಿಸಿಕೊಂಡು ಹೋದವರ ಕೈಗೆ ಕೊಟ್ಟದ್ದು ಮೂರು ಬೇರೆ ಬೇರೆ ಬಿಲ್ಲು: ಸೀಜಿಂಗ್ ಖರ್ಚು, ಸಾಗಾಟ, ದಿನದ ಲೆಕ್ಕದಲ್ಲಿ ಯಾರ್ಡ್ ಬಾಡಿಗೆ. ದುಡಿಯುವ ಗಾಡಿ ಯಾರ್ಡಿನಲ್ಲಿ, ಬಾಡಿಗೆ ಕಟ್ಟುವವರು ಮನೆಯಲ್ಲಿ. ಹಣ ಹೊಂದಿಸಲು ತಡವಾದಷ್ಟೂ ಹೊಂದಿಸಬೇಕಾದ ಹಣ ಬೆಳೆಯುತ್ತದೆ. ಯಾರ್ಡನ್ನು ಎಲ್ಲಿ ಮಾಡಬೇಕು, ದಿನಕ್ಕೆ ಎಷ್ಟು ಎನ್ನುವುದೆಲ್ಲ ಎತ್ತಿಕೊಂಡು ಹೋದವರ ಮರ್ಜಿ. ಸಾಲ ವಸೂಲಿಗೆ ತೋಳ್ಬಲದವರನ್ನು ಬಿಡಬಾರದೆಂದು 2007ರಲ್ಲೇ ಸುಪ್ರೀಂ ಕೋರ್ಟ್ ಐಸಿಐಸಿಐ ಬ್ಯಾಂಕ್ ವಿರುದ್ಧ ಪ್ರಕಾಶ್ ಕೌರ್ ಪ್ರಕರಣದಲ್ಲಿ ಗದರಿತ್ತು. ತೋಳಿನ ಬಗ್ಗೆ ಆಗಿನಿಂದ ಸಾಕಷ್ಟು ಮಾತಾಗಿದೆ. ಬಿಲ್ಲಿನ ಬಗ್ಗೆ ಆಗಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ಸುದ್ದಿ ಜಿಲ್ಲೆ ಜಿಲ್ಲೆಯಿಂದ ಬಂತು. ಹಾವೇರಿ ಜಿಲ್ಲೆಯ ಮಹಿಳೆಯರು ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ಸರ್ಕಾರ ಸುಗ್ರೀವಾಜ್ಞೆ ಬರೆಯಿತು. ರಾಜ್ಯಪಾಲ ಥಾವರಚಂದ್ ಗೆಹಲೋತ್ ಒಮ್ಮೆ ಹಿಂದಿರುಗಿಸಿದರು; 3 ಲಕ್ಷದ ಸಾಲಕ್ಕೆ 5 ಲಕ್ಷ ದಂಡವೇ ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ಫೆಬ್ರುವರಿ 12ರಂದು ಅಂಕಿತ ಬಿತ್ತು, ಮಾರ್ಚ್‌ನಲ್ಲಿ ಅದು ಸದನದಲ್ಲೂ ಪಾಸಾಯಿತು. ಹೆಸರೇ ಹೇಳುವಂತೆ ಅದು ಕಿರು ಸಾಲ ಮತ್ತು ಸಣ್ಣ ಸಾಲದಲ್ಲಿ ಬಲವಂತದ ಕ್ರಮ ತಡೆಯುವ ಕಾಯ್ದೆ. ಬೆದರಿಸುವುದು, ಹಿಂಬಾಲಿಸುವುದು, ಮನೆಗೆ ಪದೇ ಪದೇ ಎಡತಾಕುವುದು, ಅಪರಾಧ ಹಿನ್ನೆಲೆಯವರನ್ನು ವಸೂಲಿಗೆ ಬಿಡುವುದು ಎಲ್ಲಕ್ಕೂ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ ಮಾಡಿಸದ ಸಂಸ್ಥೆ ಬಡವರಿಗೆ ಕೊಟ್ಟ ಸಾಲ ತೀರಿದಂತೆಯೇ ಲೆಕ್ಕ. ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು. ಹೊನ್ನಾವರದ ಟೊಂಕದ ಕಡೆ ವಾರದ ಸಂಘದ ಮೀಟಿಂಗಿನಲ್ಲಿ ಏರುದನಿ ಇಳಿದಿದೆ ಎಂದು ಹೆಂಗಸರೇ ಹೇಳುತ್ತಾರೆ.

ಆದರೆ ನಯವಾಗಿ ಬಂದು, ನಯವಾಗಿ ಮಾತಾಡಿ, ಹೋಗುವಾಗ ಖಾತೆಗೆ 413 ಬರೆದು ಹೋಗುವವನನ್ನು ಆ ಕಾಯ್ದೆ ಮುಟ್ಟುವುದಿಲ್ಲ. ವಸೂಲಿಯ ಖರ್ಚು ಇಷ್ಟಕ್ಕಿಂತ ಹೆಚ್ಚು ಹಾಕಬಾರದೆಂಬ ಒಂದು ಅಂಕಿ ಅದರಲ್ಲಿ ಎಲ್ಲೂ ಇಲ್ಲ. ಮೇಲಾಗಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಬ್ಯಾಂಕು, ಬ್ಯಾಂಕೇತರ ಹಣಕಾಸು ಕಂಪನಿ ಅಂದರೆ ಎನ್‌ಬಿಎಫ್‌ಸಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಕಲಾಸಿ ಹುಡುಗನ ಸಾಲ ಎನ್‌ಬಿಎಫ್‌ಸಿಯದೇ.

ಹಾಗಾದರೆ ರಿಸರ್ವ್ ಬ್ಯಾಂಕ್ ಏನು ಹೇಳುತ್ತದೆ? ಬಹಳ ಹೇಳುತ್ತದೆ, ಅಂಕಿಯೊಂದನ್ನು ಬಿಟ್ಟು. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ತಗಾದೆ ಇಲ್ಲ; ಬೇರೆ ಸಾಲಕ್ಕೆ 8ರಿಂದ 7. ದಂಡಕ್ಕೆ ಮತ್ತೆ ಬಡ್ಡಿ ಬೆಳೆಸಬಾರದೆಂದು 2023ರ ಆಗಸ್ಟ್ 18ರ ಸುತ್ತೋಲೆ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಕ್ಕೆಲ್ಲ ಮುಖ್ಯಾಂಶಗಳ ಪತ್ರ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಅದರಲ್ಲಿ ಇಲ್ಲದ ಶುಲ್ಕವನ್ನು ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಪತ್ರದಲ್ಲಿ ಬರೆದುಬಿಟ್ಟರೆ ಎಷ್ಟು ಬೇಕಾದರೂ ಹಾಕಬಹುದು ಎಂದೂ ಆಯಿತಲ್ಲ. ಹುಡುಗನ ಪತ್ರದಲ್ಲಿ ಬೌನ್ಸ್, ವಿಸಿಟ್, ಸೀಜಿಂಗ್ ಎಲ್ಲ ಇವೆ, ಕನ್ನಡದಲ್ಲೇ ಇವೆ, ಸಹಿಯೂ ಅವನದೇ. ಶೋರೂಮಿನಲ್ಲಿ ಬೈಕಿನ ಕೀಲಿ ಕಣ್ಣೆದುರು ತೂಗುತ್ತಿರುವಾಗ ಯಾರು ಓದುತ್ತಾರೆ? ಇನ್ನೊಂದು ಸೂಕ್ಷ್ಮ: ಪತ್ರದ ತಲೆಯ ಮೇಲೆ ಕಾಣುವ ವಾರ್ಷಿಕ ಶೇಕಡಾ ದರದಲ್ಲಿ ಇಂಥ 'ಬಂದರೆ ಬರುವ' ಖರ್ಚುಗಳು ಸೇರುವುದಿಲ್ಲ. ದರ ಹೋಲಿಸಿ ಸಾಲ ಪಡೆಯುವ ಜಾಣನಿಗೂ ವಿಸಿಟ್ ಚಾರ್ಜ್ ಕಾಣುವುದು ಬಿದ್ದ ಮೇಲೆಯೇ.

ಮಿತಿ ಎಂಬುದು ಆಗದ ಮಾತು ಎಂದು ಕಂಪನಿಯವರು ಹೇಳುವುದುಂಟು. ಆಗುತ್ತಿತ್ತು. 2010ರ ಆಂಧ್ರದ ಮೈಕ್ರೋಫೈನಾನ್ಸ್ ಬಿಕ್ಕಟ್ಟಿನ ನಂತರ ಮಾಲೇಗಾಂ ಸಮಿತಿ ವರದಿ ಕೊಟ್ಟು, 2011ರಲ್ಲಿ ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಕಂಪನಿಗಳಿಗೆ ನಿಯಮ ಮಾಡಿದಾಗ ಸಾಲಗಾರನಿಂದ ಮೂರೇ ಬಾಬತ್ತು ಪಡೆಯಬಹುದಿತ್ತು: ಬಡ್ಡಿ, ಶೇ 1ರ ಒಳಗಿನ ಸಂಸ್ಕರಣಾ ಶುಲ್ಕ, ವಿಮೆಯ ಕಂತು. ತಡವಾದರೆ ದಂಡವೂ ಇರಲಿಲ್ಲ. ಹತ್ತು ವರ್ಷ ಆ ಕಂಪನಿಗಳು ಅದೇ ನಿಯಮದಡಿ ಬೆಳೆದವು, ಮುಳುಗಲಿಲ್ಲ. 2022ರ ಏಪ್ರಿಲ್ 1ರಿಂದ ಆ ಮಿತಿ ತೆಗೆದರು. ಈಗಿರುವುದು ಬಡ್ಡಿ, ಶುಲ್ಕಗಳು ಸುಲಿಗೆಯ ಮಟ್ಟಕ್ಕೆ ಹೋಗಬಾರದು ಎಂಬ ಉಪದೇಶ. ಸುಲಿಗೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದನ್ನು ಸುಲಿಯುವವರ ಆಡಳಿತ ಮಂಡಳಿಯೇ ತೀರ್ಮಾನಿಸಬೇಕು.

ಮೊಬೈಲ್ ಆಪ್‌ನಲ್ಲಿ ಸಾಲ ಕೊಡುವವರಿಗೆ ಮಾತ್ರ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನೇರವಾದ ಮಾತು ಹೇಳಿದೆ: ನಡುವಿನ ಸೇವಾದಾರನ ಶುಲ್ಕವನ್ನು ಸಾಲ ಕೊಟ್ಟ ಸಂಸ್ಥೆಯೇ ಕೊಡಬೇಕು, ಅವನು ಸಾಲಗಾರನಿಂದ ಕೀಳಬಾರದು. ಇದೇ ಒಂದು ವಾಕ್ಯವನ್ನು ಬೈಕಿನ ಸಾಲಕ್ಕೂ ಸಂಘದ ಸಾಲಕ್ಕೂ ಹಚ್ಚಿ, ಸಂಸ್ಥೆ ತಾನು ಕೊಟ್ಟ ಶುಲ್ಕವನ್ನು ಬೇರೆ ಹೆಸರಲ್ಲಿ ಸಾಲಗಾರನ ಖಾತೆಗೆ ತಿರುಗಿಸದಂತೆ ಒಂದು ಸಾಲು ಸೇರಿಸಿದರೆ ನನ್ನ ಲೇಖನದ ಮುಕ್ಕಾಲು ಪಾಲು ಬೇಡವಾಗುತ್ತದೆ.

ಜಿಎಸ್‌ಟಿಯದೂ ಒಂದು ತಮಾಷೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಕಂತು ತಪ್ಪಿದ ದಂಡಕ್ಕೆ ಜಿಎಸ್‌ಟಿ ಇಲ್ಲ ಎಂದಿತು. ಆದರೆ ಹುಡುಗನ ಸ್ಟೇಟ್‌ಮೆಂಟಿನಲ್ಲಿ ವಿಸಿಟ್‌ಗೆ ಶೇ 18 ಬಿದ್ದಿದೆ, ಅದು ಸೇವೆಯಂತೆ. ಸೇವೆ ಸಿಕ್ಕಿದ್ದು ಕಂಪನಿಗೆ, ತೆರಿಗೆ ಕಟ್ಟಿದ್ದು ಕಲಾಸಿ.

ಸರಿ, ರಾಜ್ಯ ಸರ್ಕಾರವೇ ದರ ಗೊತ್ತುಮಾಡಲಿ ಎಂದರೆ ವಕೀಲ ಮಿತ್ರರು ನೆಡುಂಪಿಳ್ಳಿ ತೀರ್ಪು ತೆಗೆಯುತ್ತಾರೆ. 2022ರ ಮೇ 10ರಂದು ಸುಪ್ರೀಂ ಕೋರ್ಟ್ ಕೇರಳ, ಗುಜರಾತಿನ ಪ್ರಕರಣಗಳಲ್ಲಿ ಹೇಳಿದ್ದು: ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಎನ್‌ಬಿಎಫ್‌ಸಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸುವುದಿಲ್ಲ. ತೀರ್ಪು ತೀರ್ಪೇ. ಆದರೆ ಅದರಿಂದ ಹುಟ್ಟಿದ ವಿಚಿತ್ರವನ್ನೂ ಹೇಳಬೇಕು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಮುಂಬಯಿಯ 1946ರ ಲೇವಾದೇವಿದಾರರ ಕಾಯ್ದೆಯಲ್ಲೂ, ಆಮೇಲೆ ಬಂದ ಕರ್ನಾಟಕದ 1961ರ ಕಾಯ್ದೆಯಲ್ಲೂ ಒಂದು ಕಲಮು ಇದೆ: ಹಕ್ಕುಪತ್ರ ಪರಿಶೀಲನೆ, ಸ್ಟಾಂಪು, ನೋಂದಣಿಯಂಥ ಹೇಳಿದ ಕೆಲವು ಬಾಬತ್ತು ಬಿಟ್ಟು, ಬಡ್ಡಿಯ ಮೇಲೆ ಖರ್ಚು ಎಂದು ಲೇವಾದೇವಿದಾರ ಏನನ್ನೂ ಪಡೆಯಬಾರದು. ಬಡ್ಡಿಗೂ ರಾಜ್ಯದಲ್ಲಿ ಮಿತಿ ಇದೆ, ಆಧಾರವಿದ್ದರೆ ಶೇ 14, ಇಲ್ಲದಿದ್ದರೆ ಶೇ 16. ಅಂದರೆ ಕುಮಟಾ ಪೇಟೆಯಲ್ಲಿ ಲೈಸೆನ್ಸ್ ಪಡೆದು ಕೂತ ಮುದುಕ ಸಾಹುಕಾರ ತಗಾದೆಗೆ ಹೋದ ರಿಕ್ಷಾ ಬಾಡಿಗೆಯನ್ನು ಸಾಲಗಾರನ ಮೇಲೆ ಹಾಕುವಂತಿಲ್ಲ. ಮುಂಬಯಿಯ ಗಾಜಿನ ಕಟ್ಟಡದ ಕಂಪನಿ ಹಾಕಬಹುದು.

ಹೊರದೇಶದವರು ಇದಕ್ಕೆ ತಲೆ ಕೆಡಿಸಿಕೊಂಡಿಲ್ಲ, ನೇರವಾಗಿ ದರ ಬರೆದಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 2012ರ ಜುಲೈಯಿಂದ ಕೋರ್ಟಿನ ಹೊರಗಿನ ವಸೂಲಿ ಖರ್ಚಿಗೆ ಸರ್ಕಾರದ್ದೇ ಕೋಷ್ಟಕ: ಬಾಕಿಯ ಮೊದಲ 2,500 ಯೂರೋಗೆ ಶೇ 15, ಕನಿಷ್ಠ 40 ಯೂರೋ, ಮೇಲೆ ಹೋದಂತೆ ಶೇಕಡಾವಾರು ಇಳಿಯುತ್ತದೆ. ಅದನ್ನೂ ಹಾಕುವ ಮೊದಲು 14 ದಿನದ ಗಡುವು ಕೊಟ್ಟು ಪುಕ್ಕಟೆ ನೆನಪೋಲೆ ಕಳಿಸಬೇಕು. ಸ್ವೀಡನ್ನಿನಲ್ಲಿ ನೆನಪೋಲೆಗೆ 60 ಕ್ರೋನ, ವಸೂಲಿ ನೋಟೀಸಿಗೆ 180 ಕ್ರೋನ. ಏಜೆಂಟ್ ಎಷ್ಟು ಸಲ ಬಂದ ಎನ್ನುವುದು ಲೆಕ್ಕಕ್ಕೇ ಇಲ್ಲ. ಅಷ್ಟು ದೂರ ಯಾಕೆ, ನಮ್ಮ ಉಪನೋಂದಣಿ ಕಚೇರಿ ಮುಂದಿನ ಪರವಾನಗಿ ಬರಹಗಾರ ಒಂದು ಕ್ರಯಪತ್ರ ಬರೆಯಲು ಎಷ್ಟು ಪಡೆಯಬೇಕೆಂದು ಸರ್ಕಾರ ಹೇಳುತ್ತದೆ, ಆಟೋ ಮೀಟರಿನ ದರ ಹೇಳುತ್ತದೆ. ವಸೂಲಿ ಏಜೆನ್ಸಿ ಅವಕ್ಕಿಂತ ಯಾವ ರೀತಿಯಲ್ಲಿ ದೊಡ್ಡದು?

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು, ನಮ್ಮ ಸಂಘದ ಮಹಾಸಭೆಯಲ್ಲೇ ಕೇಳಿದ್ದು: ಸರಿಯಾಗಿ ಕಟ್ಟುವವನು ಸುಸ್ತಿದಾರನ ಖರ್ಚನ್ನು ಯಾಕೆ ಹೊರಬೇಕು? ನ್ಯಾಯದ ಪ್ರಶ್ನೆ. ಅದಕ್ಕೇ ದಂಡ ಇರುವುದು. ಕಂತು ತಪ್ಪಿದ್ದಕ್ಕೆ ದಂಡವನ್ನೂ ಪಡೆದು, ತಪ್ಪಿದ್ದನ್ನು ನೆನಪಿಸಿದ್ದಕ್ಕೆ ಶುಲ್ಕವನ್ನೂ ಪಡೆದರೆ ಒಂದೇ ತಪ್ಪಿಗೆ ಎರಡು ಬೆಲೆ. ಖರ್ಚು ಬಡ್ಡಿಗೆ ಸೇರಿಹೋಗುತ್ತದೆ ಎನ್ನುತ್ತಾರೆ. ಸೇರಲಿ. ಬಡ್ಡಿಯಲ್ಲಿ ಸೇರಿದರೆ ಸಾಲ ಪಡೆಯುವ ದಿನವೇ ಕಾಣುತ್ತದೆ, ಪಕ್ಕದ ಕಂಪನಿಯ ದರಕ್ಕೆ ಹೋಲಿಸಬಹುದು, ಪೈಪೋಟಿಗೆ ಇಳಿಯಲೂಬಹುದು. ವಿಸಿಟ್ ಚಾರ್ಜಿಗೆ ಪೈಪೋಟಿ ಎಲ್ಲಿಂದ ಬರಬೇಕು? ಬಾಗಿಲಿಗೆ ಬರುವವನನ್ನು ಸಾಲಗಾರ ಆರಿಸಿಕೊಂಡಿರುವುದಿಲ್ಲ. ಬೇಕೆಂದೇ ಕಟ್ಟದವನ ಮೇಲೆ ದಾವೆ ಹಾಕಲಿ. ಅಲ್ಲಿ ಖರ್ಚು ಎಷ್ಟು ನ್ಯಾಯ ಎಂದು ಹೇಳಲು ನ್ಯಾಯಾಧೀಶರಿದ್ದಾರೆ.

ಈ ವಿಷಯದಲ್ಲಿ ಭಟ್ಕಳದವರ ಜೊತೆ ಮಾತಾಡುವುದು ನನಗೆ ಇಷ್ಟ. ಅಲ್ಲಿ ಬಡ್ಡಿಯಿಲ್ಲದೆ ಸಾಲ ಕೊಡುವ ಸೊಸೈಟಿಗಳ ರೂಢಿ ಇದೆ. ಬಡ್ಡಿ ನಿಷಿದ್ಧವಾದ ಮೇಲೆ ಕಚೇರಿ ನಡೆಸಲು ಸೇವಾ ಶುಲ್ಕ ಪಡೆಯಬಹುದೇ ಎಂಬುದು ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಬಹಳ ಚರ್ಚೆಯಾದ ಪ್ರಶ್ನೆ. ಅಲ್ಲಿನ ನಿಲುವು ಖಡಕ್: ನಿಜವಾಗಿ ಆದ ಖರ್ಚಿನಷ್ಟು ಪಡೆಯಬಹುದು, ಅದಕ್ಕಿಂತ ಒಂದು ಪೈಸೆ ಹೆಚ್ಚಾದರೂ ಅದು ಬಡ್ಡಿಯೇ. ಧರ್ಮದ ಮಾತು ಬದಿಗಿಟ್ಟರೂ ಲೆಕ್ಕಪತ್ರದವನಾಗಿ ನನಗೆ ಇದು ಒಪ್ಪಿಗೆ. ಖರ್ಚು ಎಂದರೆ ಚೀಟಿ ತೋರಿಸಬೇಕು. ತೋರಿಸಲಾಗದ್ದು ಲಾಭ.

ರಾಜ್ಯದ ಕೈಯಲ್ಲಿ ಏನೂ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಎನ್‌ಬಿಎಫ್‌ಸಿ ಕೈಗೆ ಸಿಗದಿರಬಹುದು. ಕುಮಟಾ, ಹೊನ್ನಾವರ, ಭಟ್ಕಳ ಈ ಮೂರೂ ತಾಲೂಕಿನ ಪೇಟೆಗಳಲ್ಲಿ ಮಹಡಿಗೊಂದರಂತೆ ಬೋರ್ಡು ಹಾಕಿಕೊಂಡಿರುವ ಪತ್ತಿನ ಸಹಕಾರಿ ಸಂಘಗಳು 1959ರ ಸಹಕಾರ ಸಂಘಗಳ ಕಾಯ್ದೆಗೆ, ಸೌಹಾರ್ದಗಳು 1997ರ ಸೌಹಾರ್ದ ಕಾಯ್ದೆಗೆ ಬರುತ್ತವೆ, ಎರಡೂ ರಾಜ್ಯದ್ದೇ. ಅವುಗಳಲ್ಲೂ ಕೆಲವು ಈಗ ತಮ್ಮ ಗುಮಾಸ್ತನನ್ನು ಬಿಟ್ಟು ಹೊರಗಿನ ಏಜೆನ್ಸಿಗೆ ವಸೂಲಿ ಒಪ್ಪಿಸಿ, ಆ ಕಮಿಷನ್ನನ್ನು ಸಾಲಗಾರನ ಖಾತೆಗೆ ತೋರಿಸುತ್ತಿವೆ. ಇಂಥ ಪಾಸ್‌ಬುಕ್ಕುಗಳೂ ನನ್ನ ಮೇಜಿಗೆ ಬಂದಿವೆ. ಸಹಕಾರ ಇಲಾಖೆ ಮನಸ್ಸು ಮಾಡಿದರೆ ಒಂದು ಆದೇಶದ ಕೆಲಸ. ಮಾಡುವುದಿಲ್ಲ ಯಾಕೆ? ಆ ಆಡಳಿತ ಮಂಡಳಿಗಳ ಕುರ್ಚಿಯಲ್ಲಿ ಕೂತವರು ಚುನಾವಣೆ ಬಂದಾಗ ಯಾವ ಯಾವ ಪಕ್ಷದ ವೇದಿಕೆಯಲ್ಲಿ ಕೂರುತ್ತಾರೆ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ದೊಡ್ಡ ಕಂಪನಿಯನ್ನು ಬೈದು ಭಾಷಣ ಮಾಡುವುದು ಸುಲಭ.

ಆದೇಶ ಉದ್ದ ಇರಬೇಕಿಲ್ಲ. ವಸೂಲಿಗೆ ಬಂದದ್ದಕ್ಕೆ ಶುಲ್ಕವಿಲ್ಲ. ನೋಟೀಸಿಗೆ ಅಂಚೆಯ ರಸೀದಿಯಷ್ಟು. ಸಾಲಗಾರ ಕಟ್ಟಿದ ಹಣ ಮೊದಲು ಕಂತಿಗೆ, ಶುಲ್ಕಗಳೆಲ್ಲ ಕೊನೆಗೆ; ಈ ಒಂದು ಅನುಕ್ರಮ ಬದಲಾದರೆ ಕಲಾಸಿ ಹುಡುಗನಂಥವರು ಸುಸ್ತಿದಾರರ ಪಟ್ಟಿಯಿಂದ ಅವತ್ತೇ ಹೊರಗೆ ಬರುತ್ತಾರೆ, ಹಾಗಾಗಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮೀನುಗಾರಿಕೆ ನಿಷೇಧದ ಎರಡು ತಿಂಗಳು ಕಡಲ ದುಡಿಮೆಯವರ ಕಂತಿಗೆ ಬೌನ್ಸ್ ಚಾರ್ಜ್ ಇಲ್ಲ. ನಿಷೇಧ ಹಾಕಿದ್ದು ಸರ್ಕಾರ ತಾನೇ. ಲೈಸೆನ್ಸ್ ಪಡೆದ ಲೇವಾದೇವಿದಾರರಿಗೂ 2025ರ ಕಾಯ್ದೆಯಡಿ ನೋಂದಾಯಿಸಿಕೊಂಡವರಿಗೂ ಇದನ್ನೇ ನಿಯಮದಲ್ಲಿ ಬರೆಯಬಹುದು. ತನ್ನ ಮನೆಯನ್ನು ಹೀಗೆ ಸರಿಮಾಡಿಕೊಂಡ ರಾಜ್ಯ ರಿಸರ್ವ್ ಬ್ಯಾಂಕಿಗೆ ಪತ್ರ ಬರೆದರೆ ಅದಕ್ಕೆ ತೂಕ ಇರುತ್ತದೆ. ಬರೀ ಪತ್ರ ಬರೆದರೆ ಉತ್ತರವೂ ಬರೀ ಪತ್ರವೇ.

ಅಷ್ಟರವರೆಗೆ ಕಾಗದ ಹಿಡಿದು ಬಂದವರಿಗೆ ನಾನು ಹೇಳುವುದು ಒಂದೇ: ಬಾಯಲ್ಲಿ ಜಗಳ ಬೇಡ, ಬರೆದು ಕೇಳಿ. ಯಾವ ತಾರೀಖು, ಯಾವ ಹೊತ್ತು, ಯಾರು ಬಂದರು, ಗುರುತಿನ ಚೀಟಿ ಸಂಖ್ಯೆ ಏನು, ಮುಖ್ಯಾಂಶಗಳ ಪತ್ರದ ಯಾವ ಸಾಲಿನ ಪ್ರಕಾರ ಈ ಮೊತ್ತ? ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, 14448ಕ್ಕೆ ಫೋನು ಮಾಡಿದರೆ ದೂರು ಹೇಗೆ ಕೊಡುವುದೆಂದು ತಿಳಿಸುತ್ತಾರೆ. ಕಲಾಸಿ ಹುಡುಗ ಹೀಗೇ ಬರೆದ. ಮೂರನೇ ವಾರದಲ್ಲಿ ಎರಡು ವಿಸಿಟ್‌ಗಳ 826 ರೂಪಾಯಿ ಖಾತೆಗೆ ವಾಪಸು ಬಂತು, ಕಾರಣ ಏನೂ ಬರೆದಿಲ್ಲ. ಉಳಿದವಕ್ಕೆ ಒಂಬುಡ್ಸ್‌ಮನ್ ಅರ್ಜಿ ಸಿದ್ಧವಾಗಿದೆ. ಅದರ ಜೊತೆಗೆ ಅದೇ ಕೇರಿಯ ಇನ್ನೊಬ್ಬನ ಸ್ಟೇಟ್‌ಮೆಂಟನ್ನೂ, ಅವನ ಒಪ್ಪಿಗೆ ಪಡೆದು, ಲಗತ್ತಿಸಿದ್ದೇವೆ.